ಅಮ್ಮನ ಬಿಪಿ ಮತ್ತು ದೂರದ ವೈದ್ಯರು

ಅಧಿಕ ರಕ್ತದೊತ್ತಡಕ್ಕೆ ಫೋನಿನಲ್ಲೇ ಚಿಕಿತ್ಸೆ ಪಡೆಯಬಹುದೇ ಎಂದು ಕೇಳುವವರಿಗೆ, ಮನೆಯಲ್ಲಿ ಬಿಪಿಯನ್ನು ಕ್ರಮವಾಗಿ ಅಳೆದು ಬರೆದಿಡುವುದಾದರೆ ಖಂಡಿತ ಪಡೆಯಬಹುದು ಎನ್ನುತ್ತೇನೆ. ತೀರ್ಥಹಳ್ಳಿ ಸೀಮೆಯ ಹಳ್ಳಿಯೊಂದರಲ್ಲಿರುವ ನನ್ನ ಅಮ್ಮ ತಜ್ಞ ವೈದ್ಯರನ್ನು ಕಾಣಲು ಶಿವಮೊಗ್ಗಕ್ಕೇ ಹೋಗಬೇಕು. ಮಳೆಗಾಲದಲ್ಲಿ ಬಸ್ಸು ಹಿಡಿದು, ಸರದಿಯಲ್ಲಿ ಕಾದು ಕುಳಿತವರ ತೋಳಿಗೆ ಪಟ್ಟಿ ಸುತ್ತಿದಾಗ ಕಾಣುವ ಅಂಕಿ ದಣಿವು, ಆತಂಕಗಳನ್ನೂ ಸೇರಿಸಿಕೊಂಡಿರುತ್ತದೆ.

ಆದ್ದರಿಂದ ಮೊದಲು ಬೇಕಾದದ್ದು ತೋಳಿಗೆ ಕಟ್ಟುವ, ಪಟ್ಟಿಯ ಅಳತೆ ತೋಳಿಗೆ ಹೊಂದುವ ಒಳ್ಳೆಯ ಯಂತ್ರ. ಪಟ್ಟಿ ಚಿಕ್ಕದಾದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಅಳೆಯುವ ಅರ್ಧ ಗಂಟೆ ಮುಂಚಿನಿಂದ ಕಾಫಿ, ಹೊಗೆಸೊಪ್ಪು ಬೇಡ. ಮೂತ್ರ ವಿಸರ್ಜನೆ ಮುಗಿಸಿ, ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ, ತೋಳನ್ನು ಎದೆಯ ಮಟ್ಟದಲ್ಲಿರಿಸಿಕೊಂಡು ಐದು ನಿಮಿಷ ಮಾತಿಲ್ಲದೆ ಕುಳಿತ ಮೇಲೆ, ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆಯಬೇಕು. ವೈದ್ಯರ ಭೇಟಿಗೆ ಮುಂಚಿನ ಒಂದು ವಾರ ಬೆಳಿಗ್ಗೆ, ಸಂಜೆ ಹೀಗೆ ಬರೆದಿಟ್ಟರೆ ಅವರಿಗೆ ಸರಾಸರಿ ಸಿಗುತ್ತದೆ. ಆಸ್ಪತ್ರೆಯಲ್ಲಿ 140/90 ಮಿತಿಯೆಂದು ಎಣಿಸಿದರೆ ಮನೆಯ ಸರಾಸರಿಗೆ 135/85 ಮಿತಿ ಎಂಬುದನ್ನೂ ನೆನಪಿಡಬೇಕು.

ಭಾರತದಲ್ಲಿ ಹೀಗೆ ದೂರದಿಂದ ಚಿಕಿತ್ಸೆ ಕೊಡುವುದಕ್ಕೆ ಸ್ಪಷ್ಟ ನಿಯಮಗಳು ಬಂದದ್ದು 2020ರ ಮಾರ್ಚ್ 25ರಂದು. ಮೊದಲು ರೋಗಿಯನ್ನು ಎದುರಿಗೇ ಪರೀಕ್ಷಿಸಿದ ಕಾಯಿಲೆಗೇ ಹೆಚ್ಚುವರಿ ಔಷಧಿ ಬೇಕಾದರೆ ವೈದ್ಯರು ಅದನ್ನು ದೂರದಿಂದ ಬರೆದುಕೊಡಬಹುದು. ಅಟೆನೊಲಾಲ್ ಎಂಬ ಬಿಪಿ ಮಾತ್ರೆ ನುಂಗಿಯೂ ಬಿಪಿ ಇಳಿಯದವರಿಗೆ ಎನಾಲಪ್ರಿಲ್ ಎಂಬ ಇನ್ನೊಂದನ್ನು ಸೇರಿಸುವುದನ್ನು ಆ ನಿಯಮಗಳೇ ಉದಾಹರಣೆಯಾಗಿ ಕೊಡುತ್ತವೆ. ಅಮ್ಲೋಡಿಪಿನ್ ಎಂಬ ಬಿಪಿ ಮಾತ್ರೆ ಶುರುವಾದ ಮೇಲೆ ಅಮ್ಮನ ಪಾದ ಊದಿಕೊಂಡಾಗ, ವೈದ್ಯರು ಅದನ್ನು ವಿಡಿಯೊದಲ್ಲೇ ನೋಡಿ, ಬರೆದಿಟ್ಟ ಅಂಕಿಗಳನ್ನು ಕೇಳಿ ಮಾತ್ರೆಯ ಪ್ರಮಾಣವನ್ನು ಇಳಿಸಿದರು. ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುತ್ತಿದ್ದ ಮಾತ್ರೆಯ ಸುದ್ದಿ ಹೊರಬಂದದ್ದೂ ಆ ಕರೆಯಲ್ಲೇ. ಅಂಥ ಹಲವು ನೋವಿನ ಮಾತ್ರೆಗಳು ಬಿಪಿಯನ್ನು ಏರಿಸುತ್ತವೆ. ಮನೆಯಲ್ಲೇ ಕುಳಿತು ಮಾತಾಡುವಾಗ ಮಾತ್ರೆಯ ಡಬ್ಬಿ, ಉಪ್ಪಿನಕಾಯಿಯ ಜಾಡಿ ಎಲ್ಲವೂ ಕೈಯಳತೆಯಲ್ಲಿರುವುದು ನನ್ನ ಮಟ್ಟಿಗೆ ಈ ಪದ್ಧತಿಯ ದೊಡ್ಡ ಲಾಭ.

ಸ್ಮಾರ್ಟ್‌ಫೋನ್ ಇಲ್ಲದವರು ಕೇಂದ್ರ ಸರ್ಕಾರದ ಇ-ಸಂಜೀವನಿ ಎಂಬ ದೂರವೈದ್ಯ ಸೇವೆಯನ್ನು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರವಾದ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಪಡೆಯಬಹುದು. ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿ ಬಿಪಿ ನೋಡಿ, ವೈದ್ಯರೊಡನೆ ಮಾತಾಡಿಸುತ್ತಾರೆ. ನೆಟ್‌ವರ್ಕ್ ನಂಬಲಾಗದ ಮಲೆನಾಡಿನ ಹಳ್ಳಿಗಳಿಗೆ, ಪಕ್ಕದಲ್ಲೊಬ್ಬ ತರಬೇತಾದ ಮನುಷ್ಯರಿರುವ ಈ ವ್ಯವಸ್ಥೆಯೇ ಹೆಚ್ಚು ತಕ್ಕದ್ದು.

ಬಿಪಿ 180/120 ದಾಟಿ ಎದೆನೋವು, ಉಸಿರಾಟದ ತೊಂದರೆ, ಮಾತಿನ ತೊದಲು ಅಥವಾ ಒಂದು ಪಕ್ಕದ ಕೈಕಾಲಿನ ಸೋಲು ಕಂಡರೆ ವಿಡಿಯೊ ಕರೆಗೆ ಕಾಯದೆ 108ಕ್ಕೆ ಕರೆಮಾಡಬೇಕು. ಬಿಪಿ ಅಷ್ಟು ಏರದಿದ್ದರೂ ಈ ಲಕ್ಷಣಗಳು ಕಂಡರೆ ಸಾಕು, ತಡಮಾಡಬಾರದು. ಇಸಿಜಿ, ಕಣ್ಣಿನ ಪರೀಕ್ಷೆಗಳಿಗೆ, ಎನಾಲಪ್ರಿಲ್ ಅಥವಾ ಟೆಲ್ಮಿಸಾರ್ಟಾನ್ ಎಂಬ ಬಿಪಿ ಮಾತ್ರೆ ಆರಂಭಿಸಿದ ಮೇಲೆ ಪೊಟ್ಯಾಸಿಯಂ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ನೋಡುವ ರಕ್ತಪರೀಕ್ಷೆಗೆ ಪ್ರಯೋಗಾಲಯಕ್ಕೋ ಆಸ್ಪತ್ರೆಗೋ ಹೋಗಲೇಬೇಕು. ಅದಕ್ಕಾಗಿ ಅಮ್ಮ ಈಗಲೂ ಶಿವಮೊಗ್ಗಕ್ಕೆ ಬರುತ್ತಾರೆ, ಬರೆದಿಟ್ಟ ಪುಸ್ತಕವನ್ನೂ ತರುತ್ತಾರೆ.