ಮುಚ್ಚಿದ ಬಿಲ, ಮತ್ತೆ ತೆರೆದ ಬಿಲ

ಗದ್ದೆಯಲ್ಲಿ ಇಲಿ ಕಾಟ ಹತ್ತಿಕ್ಕುವ ಕೆಲಸ ಶುರುವಾಗುವುದು ವಿಷದಿಂದಲ್ಲ, ಹಸಿ ಮಣ್ಣಿನಿಂದ. ಮೊದಲ ಸಂಜೆ ಎಲ್ಲರೂ ಬದುಗಳ ಮೇಲೆ ಸಾಲಾಗಿ ನಡೆದು ಕಂಡಕಂಡ ಬಿಲದ ಬಾಯಿಗೆ ಮಣ್ಣು ಮೆತ್ತಬೇಕು. ಬೆಳಗಾಗುವಷ್ಟರಲ್ಲಿ ತೆರೆದುಕೊಂಡ ಬಿಲದಲ್ಲಿ ಇಲಿ ಇದೆ ಎಂದರ್ಥ. ಬಾಯಲ್ಲಿ ಹೊಸ ಪುಡಿಮಣ್ಣಿನ ಗುಡ್ಡೆ, ಪಕ್ಕದ ಪೈರಿನ ಬುಡ ಓರೆಯಾಗಿ ಕತ್ತರಿಸಿದ ಗುರುತು. ಸುತ್ತ ಹಸಿ ಮಣ್ಣಿನ ಉಂಡೆಗಳಿದ್ದರೆ ಅದು ಏಡಿಯದ್ದು, ಬಿಟ್ಟುಬಿಡಿ.

ಇಲಿ ಇರುವ ಬಿಲಗಳಿಗೆ ಎರಡು ದಿನ ಬರೀ ಎಣ್ಣೆ ಸವರಿದ ನುಚ್ಚು ಹಾಕಿ ಇಲಿಗೆ ರುಚಿ ಹತ್ತಿಸಬೇಕು. ಆಮೇಲೆ ವಿಷ: 96 ಪಾಲು ನುಚ್ಚು, 2 ಪಾಲು ಎಣ್ಣೆ, 2 ಪಾಲು ಜಿಂಕ್ ಫಾಸ್ಫೈಡ್. ಬಿಲಕ್ಕೆ 10 ಗ್ರಾಂ ಪೊಟ್ಟಣ, ಒಳಗೆ ತಳ್ಳಿ ಬಾಯಿ ಮುಚ್ಚುವುದು. ಕೋಲಿನಿಂದ ಕಲಸಿ, ಕೈಗವಸು, ಮುಖಗವಸು ಬಿಡಬೇಡಿ. ತೇವ ತಗಲಿದರೆ ವಿಷಾನಿಲ ಏಳುತ್ತದೆ. ಅವಸರಪಟ್ಟು ಮೊದಲ ದಿನವೇ ವಿಷ ಇಟ್ಟರೆ, ಸ್ವಲ್ಪ ತಿಂದು ಕಾಯಿಲೆಬಿದ್ದು ಬದುಕಿದ ಇಲಿ ಆ ತಿಂಡಿಯ ಹತ್ತಿರ ವಾರಗಟ್ಟಲೆ ಸುಳಿಯುವುದಿಲ್ಲ. ಅದಕ್ಕೇ ಒಂದು ಬೆಳೆಗೆ ಒಂದೇ ಸಲ. ಸತ್ತ ಇಲಿಗಳನ್ನು ಮರುದಿನ ಹುಡುಕಿ ಆಳವಾಗಿ ಹೂಳದಿದ್ದರೆ ನಾಯಿ, ಹದ್ದುಗಳಿಗೂ ಅಪಾಯ.

ಇಷ್ಟು ಒಬ್ಬನೇ ಮಾಡಬಹುದು. ಮಾಡಿ ಪ್ರಯೋಜನವಿಲ್ಲ ಅಷ್ಟೇ. ಖಾಲಿಯಾದ ಬಿಲಕ್ಕೆ ಪಕ್ಕದ ಗದ್ದೆಯ ಇಲಿ ಕೆಲವೇ ವಾರಗಳಲ್ಲಿ ಬಂದು ಸೇರುತ್ತದೆ.

ರೈತರ ನಡುವೆ ಜಗಳ ಹುಟ್ಟುವುದು ವಿಷದ ಖರ್ಚಿಗಲ್ಲ, ದಿನಾಂಕಕ್ಕೆ. ಪೈರು ಹೊಡೆ ಬರುವ, ಅಂದರೆ ಒಳಗೇ ತೆನೆ ಮೂಡುವ ಹೊತ್ತಿಗೆ ಇಲಿ ಮರಿ ಹಾಕಲು ಶುರುಮಾಡುತ್ತದೆ. ಗರ್ಭ ಮೂರೇ ವಾರ. ಹಾಗಾಗಿ ನಾಟಿಯಾದ ಮೊದಲ ವಾರಗಳಲ್ಲೇ, ಇಲಿ ಕಡಿಮೆ ಇರುವಾಗಲೇ ಕೆಲಸ ಮುಗಿಯಬೇಕು. ಒಬ್ಬ ಇವತ್ತು, ಇನ್ನೊಬ್ಬ ತಿಂಗಳು ಬಿಟ್ಟು ನಾಟಿ ಮಾಡಿದರೆ ಇಲಿಗೆ ಊಟದ ದಿನಗಳೂ ಹೆಚ್ಚು, ಮರಿಗಳೂ ಹೆಚ್ಚು. ಎರಡು ವಾರದೊಳಗೆ ಎಲ್ಲರ ನಾಟಿ ಮುಗಿಯಲಿ ಎಂದು ಹೇಳುವುದು ಸುಲಭ. ನೀರು ಕೊನೆಗೆ ತಲುಪುವ ಗದ್ದೆಯವನ ಮುಂದೆ ಹೇಳಿ ನೋಡಿ.

ಬದುವಿನ ಮಾತೂ ಹಾಗೇ. ಅಗಲ 30 ಸೆಂಟಿಮೀಟರ್ ದಾಟದಿದ್ದರೆ ಇಲಿಗೆ ಗೂಡು ತೋಡಲು ಜಾಗ ಸಾಲದು. ಆದರೆ ಹೊರೆ ಹೊತ್ತು ನಡೆಯುವವನಿಗೆ ಅಗಲದ ಬದುವೇ ಬೇಕು.

ಕಳೆಗೂ ಇದೇ ಬದುವೇ ತವರು. ಪಾರ್ಥೇನಿಯಂ ಹೂ ಬಿಡುವ ಮೊದಲು, ಮಣ್ಣು ಹಸಿ ಇರುವಾಗ, ಕೈಗವಸು ಹಾಕಿಕೊಂಡು ಬೇರುಸಮೇತ ಕಿತ್ತರೆ ಗೊಬ್ಬರವಾಗುತ್ತದೆ. ಬಿಟ್ಟರೆ ಒಂದು ಗಿಡದಿಂದ ಸಾವಿರಾರು ಬೀಜ, ಕಾಲುವೆ ನೀರಿನಲ್ಲಿ ಕೆಳಗಿನ ಗದ್ದೆಗಳಿಗೆಲ್ಲ ಹಂಚಿಕೆ. ಬಿಲ ಮುಚ್ಚಲು ನಡೆಯುವ ದಿನವೇ ಇದನ್ನೂ ಕೀಳುವುದು ಜಾಣತನ.

ಉಳಿಯುವುದು ಕಾಲುವೆಯ ಏರಿ. ಅದು ಯಾರ ಗದ್ದೆಯೂ ಅಲ್ಲ, ಆದ್ದರಿಂದ ಯಾರ ಸಾಲಿಗೂ ಬರುವುದಿಲ್ಲ. ವಾರದ ನಂತರ ಮತ್ತೆ ಬಿಲ ಮುಚ್ಚಿ ನೋಡಿ: ಮರುಬೆಳಗ್ಗೆ ಮೊದಲು ತೆರೆದುಕೊಳ್ಳುವುದು ಅಲ್ಲಿಯವೇ.