ಮೊದಲು ಲೂರ್, ಆಮೇಲೆ ದಾರ, ಕೊನೆಗೆ ಕೋಲು

ನಮ್ಮ ಕಾರವಾರದಲ್ಲಿ ಗಾಳದ ಸಾಮಾನು ಎಂದರೆ ಒಂದು ಉಂಡೆ ನೈಲಾನ್ ದಾರ, ನಾಲ್ಕಾರು ಅಳತೆಯ ಕೊಕ್ಕೆ, ಒಂದು ಹಿಡಿ ಸೀಸದ ಗುಂಡು. ಉಳಿದದ್ದಕ್ಕೆ ಸೀಗಡಿ ಮತ್ತು ತಾಳ್ಮೆ ಸಾಕು. ನಾನೀಗ ಇರುವ ಟೆಕ್ಸಾಸಿನ ಡಲ್ಲಾಸ್ ಕಡೆ ಇದಕ್ಕೆಂದೇ ಇರುವ ಮಳಿಗೆಯ ಒಳಗೆ ಹೋದರೆ ತಲೆ ತಿರುಗುತ್ತದೆ. ಗೋಡೆಯುದ್ದಕ್ಕೂ ಕೋಲುಗಳು, ಎದುರಿಗೆ ಸಾಲುಸಾಲು ಲೂರ್‌ಗಳು, ಅಂದರೆ ಹುಸಿ ಎರೆಗಳು. ಇವುಗಳಲ್ಲಿ ಬಹುಪಾಲು ಒಂದೇ ಒಂದು ಸಿಹಿನೀರಿನ ಮೀನಿಗಾಗಿ: ಲಾರ್ಜ್‌ಮೌತ್ ಬಾಸ್.

ಹೊಸಬರು ಹೋದೊಡನೆ ಕೋಲಿನ ಗೋಡೆಗೆ ಕೈ ಹಾಕುತ್ತಾರೆ. ಒಳ್ಳೆಯ ಕೋಲು ಕೊಂಡು, ಅದಕ್ಕೊಪ್ಪುವ ರೀಲು ಕೂರಿಸಿ, ಅಂಗಡಿಯವನು ಕೊಟ್ಟ ದಾರ ಸುತ್ತಿಸಿಕೊಂಡು, ಕೊನೆಗೆ ಬಣ್ಣ ಚೆನ್ನಾಗಿದೆ ಎಂದು ನಾಲ್ಕು ಲೂರ್ ಎತ್ತಿಕೊಂಡು ಬರುತ್ತಾರೆ. ನನ್ನ ಪ್ರಕಾರ ಲೆಕ್ಕ ಉಲ್ಟಾ ನಡೆಯಬೇಕು. ಮೀನು ಎಲ್ಲಿ ಅಡಗುತ್ತದೆ ಎನ್ನುವುದು ಲೂರನ್ನು ಹೇಳುತ್ತದೆ, ಲೂರ್ ದಾರವನ್ನು ಹೇಳುತ್ತದೆ, ಇವೆರಡೂ ಸೇರಿ ಕೋಲನ್ನು ಹೇಳುತ್ತವೆ.

ಬಾಸ್ ಬೆನ್ನಟ್ಟುವ ಜಾತಿಯಲ್ಲ, ಹೊಂಚು ಹಾಕುವ ಜಾತಿ. ಡಲ್ಲಾಸಿನ ಪೂರ್ವಕ್ಕೆ ಲೇಕ್ ಫೋರ್ಕ್ ಎಂಬ ಜಲಾಶಯವಿದೆ. ಅಣೆಕಟ್ಟು ಕಟ್ಟಿದಾಗ ಮುಳುಗಿದ ಮರಗಳು ಇಂದಿಗೂ ಅಲ್ಲಿ ನಿಂತಿವೆ. ಸೂಪಾ ಹಿನ್ನೀರಿನಲ್ಲಿ ಬೋಳು ಮರಗಳನ್ನು ಕಂಡವರಿಗೆ ಆ ನೋಟ ಹೊಸದಲ್ಲ. ಬಾಸ್ ಇರುವುದು ಆ ಬೊಡ್ಡೆಗಳ ಮಗ್ಗುಲಲ್ಲಿ, ಜೊಂಡಿನ ಅಂಚಿನಲ್ಲಿ, ದೋಣಿಕಟ್ಟೆಯ ನೆರಳಿನಲ್ಲಿ. ಟೆಕ್ಸಾಸಿನ ದಾಖಲೆಯ ಬಾಸ್ ಸಿಕ್ಕಿದ್ದೂ ಇಲ್ಲೇ, 1992ರಲ್ಲಿ. ತೂಕ ಎಂಟು ಕಿಲೊ ಮೀರಿತ್ತು. ಜಗತ್ತಿನ ದಾಖಲೆ ಸುಮಾರು 10 ಕಿಲೊ: 1932ರಲ್ಲಿ ಜಾರ್ಜಿಯಾದಲ್ಲಿ ಜಾರ್ಜ್ ಪೆರ್ರಿ ಹಿಡಿದದ್ದು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಅದನ್ನು ಸರಿಗಟ್ಟಿದರು. ಕಡಲಿನ ದೊಡ್ಡ ಇಸವಾಣ ಮೀನು ಕಂಡವರಿಗೆ ಇದೇನು ಮಹಾ ಎನಿಸಬಹುದು. ಆದರೆ ಒಂದೆರಡು ಕಿಲೊದ ಬಾಸ್ ಕೂಡ ನೀರಿನಿಂದ ಮೇಲಕ್ಕೆ ಚಿಮ್ಮಿ ತಲೆ ಕೊಡವಿದಾಗ ಕೊಕ್ಕೆ ಕಳಚಿಬಿಡುತ್ತದೆ.

ಹೀಗೆ ಕಸಕಡ್ಡಿಯ ನಡುವೆ ಕೂತ ಮೀನಿಗೆ ಸಿಕ್ಕಿಹಾಕಿಕೊಳ್ಳದ ಲೂರ್ ಬೇಕು. ಅದಕ್ಕೆ ಟೆಕ್ಸಾಸ್ ರಿಗ್‌ನಷ್ಟು ಅಗ್ಗದ, ನಂಬಿಕೆಯ ಉಪಾಯ ಇನ್ನೊಂದಿಲ್ಲ. ಮೊದಲು ಗುಂಡಿನಾಕಾರದ ಸಣ್ಣ ತೂಕವನ್ನು ದಾರಕ್ಕೆ ಪೋಣಿಸಿ, ತುದಿಗೆ ಬಾಗಿದ ಕುತ್ತಿಗೆಯ ಕೊಕ್ಕೆ ಕಟ್ಟಬೇಕು. ಗೇಣುದ್ದದ ಮೆತ್ತನೆಯ ಪ್ಲಾಸ್ಟಿಕ್ ಹುಳದ ತಲೆಗೆ ಕೊಕ್ಕೆಯ ಮೊನೆಯನ್ನು ಅರ್ಧ ಸೆಂಟಿಮೀಟರಿನಷ್ಟು ಚುಚ್ಚಿ ಪಕ್ಕದಿಂದ ಹೊರಗೆಳೆಯಬೇಕು. ಕೊಕ್ಕೆಯ ಕುತ್ತಿಗೆ ತಲೆಯೊಳಗೆ ಕೂರುವವರೆಗೆ ಎಳೆದು, ಮೊನೆಯನ್ನು ಹುಳದ ಕಡೆಗೆ ತಿರುಗಿಸಿ, ಮೈಯೊಳಗೆ ಹುದುಗಿಸಿಬಿಟ್ಟರೆ ಮುಗಿಯಿತು. ಹುಳ ನೆಟ್ಟಗೆ ನಿಲ್ಲಬೇಕು. ಸೊಟ್ಟಗಾದರೆ ನೀರಿನಲ್ಲಿ ಗಿರಗಿರ ತಿರುಗಿ ದಾರವನ್ನು ಹುರಿಗೊಳಿಸುತ್ತದೆ. ಮೊನೆ ಅಡಗಿರುವುದರಿಂದ ಬೊಡ್ಡೆಯ ಮೇಲೆ ಎಳೆದರೂ ಕಚ್ಚಿಕೊಳ್ಳುವುದು ಅಪರೂಪ. ಮೀನು ಬಾಯಿ ಹಾಕಿದಾಗ ದಾರದಲ್ಲಿ ಒಂದು ಸಣ್ಣ ಟಕ್ಕು, ಇಲ್ಲವೇ ದಾರ ತಾನಾಗಿ ಪಕ್ಕಕ್ಕೆ ಸರಿಯುವುದು. ಆಗ ಸಡಿಲ ದಾರವನ್ನು ಸುತ್ತಿಕೊಂಡು ಬಲವಾಗಿ ಎತ್ತಬೇಕು, ಏಕೆಂದರೆ ಮೊನೆ ಪ್ಲಾಸ್ಟಿಕ್ಕನ್ನು ಸೀಳಿಕೊಂಡು ದವಡೆಗೆ ನಾಟಬೇಕು.

ಬಯಲು ನೀರಿನಲ್ಲಿ ಬೇಗ ಹುಡುಕಾಡಬೇಕಾದರೆ ಕ್ರ್ಯಾಂಕ್‌ಬೇಟ್ ಸರಿ. ಗಟ್ಟಿ ಮೈಯ ಈ ಹುಸಿಮೀನಿನ ಮೂತಿಯ ಮುಂದೆ ಒಂದು ಪಾರದರ್ಶಕ ನಾಲಿಗೆ ಇರುತ್ತದೆ. ನಾಲಿಗೆ ಉದ್ದವಾದಷ್ಟೂ ಆಳಕ್ಕೆ ಇಳಿಯುತ್ತದೆ. ನೀರಿನ ಮೇಲೆ ಸೊಪ್ಪು ಹಾಸಿಕೊಂಡಿದ್ದರೆ ಟೊಳ್ಳು ರಬ್ಬರ್ ಕಪ್ಪೆ. ಬಣ್ಣದ ವಿಷಯದಲ್ಲಿ ತಲೆ ಕೆಡಿಸಿಕೊಳ್ಳುವುದು ವ್ಯರ್ಥ: ತಿಳಿನೀರಿಗೆ ಹಸಿರುಗಂದು, ಕೆಸರುನೀರಿಗೆ ಕಪ್ಪು-ನೀಲಿ. ಉಳಿದ ಬಣ್ಣಗಳು ಹಿಡಿಯುವುದು ಮೀನುಗಳಿಗಿಂತ ಹೆಚ್ಚಾಗಿ ಗಿರಾಕಿಗಳನ್ನು.

ದಾರದಲ್ಲಿ ಮೂರು ಬಗೆ. ಊರಿನಲ್ಲಿ ಬಳಸುವ ನೈಲಾನಿನ ಒಂಟಿ ಎಳೆ ಅಗ್ಗ, ಹಿಗ್ಗುತ್ತದೆ, ಮೀನು ಜಗ್ಗಿದ ಏಟನ್ನು ತಾಳಿಕೊಳ್ಳುತ್ತದೆ. ಫ್ಲೋರೋಕಾರ್ಬನ್ ನೋಡಲು ಹಾಗೆಯೇ ಇದ್ದರೂ ಮುಳುಗುತ್ತದೆ, ನೀರಿನಲ್ಲಿ ಕಡಿಮೆ ಕಾಣುತ್ತದೆ, ಮರಕ್ಕೆ ಉಜ್ಜಿದರೆ ಬೇಗ ಸವೆಯುವುದಿಲ್ಲ. ಟೆಕ್ಸಾಸ್ ರಿಗ್‌ಗೆ ನಾನು ಬಳಸುವುದು ಇದನ್ನೇ. ಗಂಟು ಬಿಗಿಯುವ ಮುನ್ನ ಉಗುಳಿನಿಂದ ಒದ್ದೆ ಮಾಡಲೇಬೇಕು. ಒಣದಾರ ಬಿಗಿಯುವಾಗಿನ ಉಜ್ಜಾಟದ ಬಿಸಿಗೆ ಎಳೆ ದುರ್ಬಲವಾಗುತ್ತದೆ. ಮೂರನೆಯದು ಹೆಣೆದ ದಾರ, ಬ್ರೇಡ್. ತೆಳು, ಆದರೆ ಭಾರಿ ಗಟ್ಟಿ, ಹಿಗ್ಗುವುದೇ ಇಲ್ಲ. ಸೊಪ್ಪಿನ ರಾಶಿಯೊಳಗಿಂದ ಮೀನನ್ನು ಎಳೆದು ತರುವ ಕಪ್ಪೆ-ಲೂರಿಗೆ ಇದನ್ನು ಬಿಟ್ಟರೆ ಬೇರೆ ಮಾತಿಲ್ಲ. ಅದೇ ಬ್ರೇಡನ್ನು ಬಿರುಸು ಕೋಲಿಗೆ ಸುತ್ತಿ ಕ್ರ್ಯಾಂಕ್‌ಬೇಟ್ ಎಳೆದರೆ ಅದರ ಸಣ್ಣ ಮೂರುಮೊನೆ ಕೊಕ್ಕೆಗಳು ಮೀನಿನ ಬಾಯಿ ಹರಿದುಕೊಂಡು ಬರುತ್ತವೆ.

ಈಗ ಕೋಲು. ಹಿಡಿಕೆಯ ಮೇಲ್ಭಾಗದಲ್ಲಿ ಸಣ್ಣ ಅಕ್ಷರಗಳಲ್ಲಿ ಎಲ್ಲವನ್ನೂ ಬರೆದಿರುತ್ತಾರೆ, ಓದುವವರು ಕಡಿಮೆ. ಏಳು ಅಡಿ, ಮೀಡಿಯಂ ಹೆವಿ, ಫಾಸ್ಟ್, ದಾರ (ತುಂಡಾಗದೆ ತಾಳುವ ಭಾರ) 10ರಿಂದ 17 ಪೌಂಡ್, ಲೂರ್ ಕಾಲು ಔನ್ಸಿನಿಂದ ಮುಕ್ಕಾಲು ಔನ್ಸ್. ಅಂದರೆ 7ರಿಂದ 21 ಗ್ರಾಂ ತೂಕದ ಲೂರ್ ಎಸೆಯಲು ಮಾಡಿದ ಕೋಲು. ಮೀಡಿಯಂ ಹೆವಿ ಎಂಬುದು ಎಷ್ಟು ಬಲಕ್ಕೆ ಬಾಗುತ್ತದೆ ಎಂಬುದನ್ನೂ, ಫಾಸ್ಟ್ ಎಂಬುದು ಎಲ್ಲಿ ಬಾಗುತ್ತದೆ ಎಂಬುದನ್ನೂ ಹೇಳುತ್ತದೆ. ಫಾಸ್ಟ್ ಕೋಲು ತುದಿಯಲ್ಲಷ್ಟೇ ಬಾಗುವುದರಿಂದ ಹುಳದ ಲೂರಿಗೆ ಸೈ. ಕ್ರ್ಯಾಂಕ್‌ಬೇಟಿಗೆ ನಡುವಿನವರೆಗೂ ಬಾಗುವ ಮಾಡರೇಟ್ ಬೇಕು. ಒಂದೇ ಕೋಲು ಕೊಳ್ಳುವಷ್ಟು ದುಡ್ಡಿದ್ದರೆ ಏಳು ಅಡಿಯ ಮೀಡಿಯಂ ಫಾಸ್ಟ್ ಸ್ಪಿನ್ನಿಂಗ್ ಕೋಲು, ಅಂದರೆ ರೀಲು ಕೆಳಗೆ ತೂಗುವಂಥದ್ದು. ಏಕೆಂದರೆ ಕೋಲಿನ ಮೇಲೆ ಕೂತು ಎಸೆಯುವಾಗ ತಿರುಗುವ ಬೇಟ್‌ಕಾಸ್ಟರ್ ರೀಲನ್ನು ಹೆಬ್ಬೆರಳಿನಿಂದ ತಡೆಹಿಡಿಯುವ ಅಭ್ಯಾಸ ಕೂರುವ ತನಕ ದಾರ ಹಕ್ಕಿಗೂಡಾಗುತ್ತಲೇ ಇರುತ್ತದೆ.

ಇಲ್ಲಿ 17 ವರ್ಷ ತುಂಬಿದವರಿಗೆ ಮೀನು ಹಿಡಿಯಲು ಪರವಾನಗಿ ಬೇಕು. ಸಾಮಾನ್ಯವಾಗಿ ದಿನಕ್ಕೆ ಐದೇ ಬಾಸ್, ಅದೂ 14 ಇಂಚು ಮುಟ್ಟಿರಬೇಕು. ಲೇಕ್ ಫೋರ್ಕಿನಲ್ಲಿ 16ರಿಂದ 24 ಇಂಚಿನ ನಡುವಿನದನ್ನು ಮರಳಿ ನೀರಿಗೇ ಬಿಡಬೇಕು. ಬಹಳ ಜನ ಎಲ್ಲವನ್ನೂ ಬಿಟ್ಟೇ ಬರುತ್ತಾರೆ. ಅಮ್ಮನಿಗೆ ಫೋನಿನಲ್ಲಿ ಇದನ್ನು ವಿವರಿಸಿದಾಗ, "ಬಿಡುವುದಕ್ಕೆ ಹಿಡಿಯುವುದು ಯಾಕೆ? ಸಾರಿಗೆ ಏನು ಹಾಕುತ್ತೀ?" ಎಂದು ಕೇಳಿದಳು. ಆ ಪ್ರಶ್ನೆಗೆ ನನ್ನ ಬಳಿ ಇಂದಿಗೂ ಉತ್ತರವಿಲ್ಲ.

ಸದಾಶಿವಗಡದ ಅಳಿಯನಿಗೆ ಈಗ ಇದೆಲ್ಲದರ ಹುಚ್ಚು ಹತ್ತಿದೆ. "ಮಾವಾ, ಬರುವಾಗ ಒಂದು ಕೋಲು ತನ್ನಿ" ಎಂದಿದ್ದಾನೆ. ಕಾಳಿಯ ಅಳಿವೆಯಲ್ಲಿ ಅವನು ಕಣ್ಣಿಟ್ಟಿರುವುದು ಸೀಬಾಸ್ ಮೇಲೆ. ಇದು ಇಲ್ಲಿಯ ಬಾಸ್ ಅಲ್ಲ, ಕುಟುಂಬವೇ ಬೇರೆ, ಗಾತ್ರವೂ ಹಿರಿದು. ಆದರೆ ಹೊಂಚು ಹಾಕುವ ಬುದ್ಧಿ ಒಂದೇ: ಕಾಂಡ್ಲಾ ಗಿಡಗಳ (ಮ್ಯಾಂಗ್ರೋವ್) ಬೇರಿನ ಸಂದು, ಸೇತುವೆಯ ಕಂಬ, ಇಳಿತದ ಹೊತ್ತಿಗೆ ನೀರು ಹೊರಬೀಳುವ ಕೋಡಿಬಾಯಿ. ಮೀಡಿಯಂ ಹೆವಿ ಕೋಲು, ಬ್ರೇಡ್ ದಾರ ಅಲ್ಲಿಗೂ ಒಗ್ಗುತ್ತವೆ. ಆದರೆ ಸೀಬಾಸಿನ ಕಿವಿರುಮುಚ್ಚಳದ ಅಂಚು ಕತ್ತಿಯಂತೆ ಹರಿತ, ಬ್ರೇಡನ್ನು ಕ್ಷಣದಲ್ಲಿ ಕೊಯ್ದುಬಿಡುತ್ತದೆ. ಹಾಗಾಗಿ ತುದಿಗೆ ಒಂದು ಮಾರುದ್ದದ ದಪ್ಪ ನೈಲಾನ್ ಕಟ್ಟಲೇಬೇಕು. ಬಾಸ್ ಹಿಡಿದವರು ದವಡೆಗೆ ಹೆಬ್ಬೆರಳು ಹಾಕಿ ಎತ್ತುವಂತೆ ಇದನ್ನು ಎತ್ತಲು ಹೋಗುವುದೂ ಬೇಡ, ಇಕ್ಕಳವಿರಲಿ.

ಸಿಹಿನೀರಿಗೆ ಮಾಡಿದ ರೀಲು ಉಪ್ಪುನೀರಿನಲ್ಲಿ ಬಹಳ ಕಾಲ ಬಾಳುವುದಿಲ್ಲ. ಅವನಿಗೆಂದು ಉಪ್ಪುನೀರಿನ ರೀಲನ್ನೇ ನೋಡಿಟ್ಟಿದ್ದೇನೆ. ಆದರೂ ಪ್ರತಿಸಲ ಬಾವಿನೀರಿನಲ್ಲಿ ತೊಳೆದು ಒರೆಸಬೇಕೆಂದು ಹೇಳಿದ್ದೇನೆ. ಇಲ್ಲಿ ಬಾಸ್ ಕೋಲುಗಳಲ್ಲಿ ಹೆಚ್ಚಿನವು ಏಳಡಿಯ ಅಖಂಡ ತುಂಡು, ವಿಮಾನಕ್ಕೆ ಒಯ್ಯುವುದು ತಲೆನೋವು. ಎರಡು ತುಂಡಿನದಾದರೆ ಒಂದೊಂದು ಮೂರೂವರೆ ಅಡಿ, ಕೊಳವೆಯಲ್ಲಿ ಹಾಕಿ ಸಾಮಾನಿನ ಜೊತೆ ಕಳುಹಿಸಬಹುದು. ಲೂರ್‌ಗಳನ್ನು ಕೈಚೀಲದಲ್ಲಿ ಇಡದೆ ಪೆಟ್ಟಿಗೆಗೇ ಹಾಕುತ್ತೇನೆ. ದಪ್ಪ ನೈಲಾನನ್ನು ಅವನು ಕಾರವಾರದಲ್ಲೇ ಕೊಳ್ಳಲಿ, ಅದು ಅಲ್ಲೂ ಸಿಗುತ್ತದೆ.