ಹೆಸರಿನ ಮೊದಲ ಅಕ್ಷರ

ನಮ್ಮ ಕಚೇರಿಯ ಸಿಬ್ಬಂದಿ ಪಟ್ಟಿಯ ತಂತ್ರಾಂಶಕ್ಕೆ ಕನ್ನಡವನ್ನು ಸೇರಿಸುವ ಕೆಲಸ ಕಳೆದ ತಿಂಗಳು ನನ್ನ ಪಾಲಿಗೆ ಬಂದಿತು. ಭಾವಚಿತ್ರ ಹಾಕದವರ ಹೆಸರಿನ ಪಕ್ಕದಲ್ಲಿ ಬಣ್ಣದ ಒಂದು ವೃತ್ತವನ್ನು ತೋರಿಸಿ, ಅದರೊಳಗೆ ಹೆಸರಿನ ಮೊದಲ ಅಕ್ಷರವನ್ನು ಇಡುವುದು ಈಗ ಎಲ್ಲ ಆ್ಯಪ್‌ಗಳಲ್ಲಿಯೂ ರೂಢಿಯಾಗಿದೆ. ನಮ್ಮಲ್ಲಿಯೂ ಅದೇ ವಿನ್ಯಾಸವಿತ್ತು. ಇಂಗ್ಲಿಷಿನಲ್ಲಿ ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ ನಡೆದಿದ್ದ ಆ ವೃತ್ತ, ಹೆಸರುಗಳು ಕನ್ನಡಕ್ಕೆ ಬಂದ ದಿನವೇ ದೂರುಗಳನ್ನು ತಂದಿತು. ‘ಶ್ರೀ’ ಎಂದು ಆರಂಭವಾಗುವ ಹೆಸರುಗಳವರಿಗೆಲ್ಲ ‘ಶ’ ಎಂದು ಬರುತ್ತಿತ್ತು, ಕೃಷ್ಣ ಎಂಬ ಹೆಸರಿಗೆ ‘ಕ’ ಎಂದೂ ಗೀತಾ ಎಂಬ ಹೆಸರಿಗೆ ‘ಗ’ ಎಂದೂ ಬರುತ್ತಿತ್ತು. ನೋಡಿದವರೆಲ್ಲರೂ ಒಂದೇ ಮಾತು ಹೇಳಿದರು: ಇದು ನನ್ನ ಹೆಸರಿನ ಅಕ್ಷರವಲ್ಲ.

ಕಾರಣವನ್ನು ಹುಡುಕುವುದು ಕಷ್ಟವಾಗಲಿಲ್ಲ. ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಅಂತರರಾಷ್ಟ್ರೀಯ ಸಂಕೇತವ್ಯವಸ್ಥೆಯಾದ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೂ 128 ಸ್ಥಾನಗಳ ಒಂದು ಕೋಷ್ಟಕವಿದೆ. ಭಾರತದ ಇಸ್ಕಿ ಸಂಕೇತವ್ಯವಸ್ಥೆಯ ಜೋಡಣೆಯನ್ನು ಅನುಸರಿಸಿರುವ ಈ ಕೋಷ್ಟಕದಲ್ಲಿ ಸ್ವರಗಳು, ವ್ಯಂಜನಗಳು, ಸ್ವರಚಿಹ್ನೆಗಳು, ವ್ಯಂಜನದ ಅಕಾರವನ್ನು ತೆಗೆದುಹಾಕುವ ಹಲಂತ ಚಿಹ್ನೆ, ಅಂಕಿಗಳು ಮೊದಲಾದವಕ್ಕೆ ಸ್ಥಾನಗಳಿದ್ದು, ಒತ್ತಕ್ಷರಗಳಿಗೆ ಪ್ರತ್ಯೇಕ ಸ್ಥಾನವಿಲ್ಲ. ಒಂದು ವ್ಯಂಜನದ ಮುಂದೆ ಹಲಂತ, ಅದರ ಮುಂದೆ ಇನ್ನೊಂದು ವ್ಯಂಜನ ಬಂದರೆ, ಎರಡನೆಯದನ್ನು ಒತ್ತಾಗಿ ಕೆಳಗೆ ಕೂರಿಸುವ ಹೊಣೆ ಫಾಂಟ್ ಮತ್ತು ಅದನ್ನು ಪರದೆಯ ಮೇಲೆ ಮೂಡಿಸುವ ತಂತ್ರಾಂಶದ್ದು. ಹೀಗಾಗಿ ಕಣ್ಣಿಗೆ ಒಂದಾಗಿ ಕಾಣುವ ‘ಶ್ರೀ’ ಕಂಪ್ಯೂಟರಿನ ಸ್ಮೃತಿಯಲ್ಲಿ ಶ, ಹಲಂತ, ರ, ಈಕಾರ ಎಂಬ ನಾಲ್ಕು ಪ್ರತ್ಯೇಕ ಸಂಕೇತಗಳಾಗಿ, ಅಂದರೆ ನಾಲ್ಕು ಕೋಡ್ ಪಾಯಿಂಟ್‌ಗಳಾಗಿ ಕುಳಿತಿರುತ್ತದೆ. ‘ವಿಶ್ವೇಶ್ವರಯ್ಯ’ ಎಂಬ ಐದಕ್ಷರದ ಹೆಸರು 13 ಕೋಡ್ ಪಾಯಿಂಟ್‌ಗಳನ್ನೂ, ಕಂಪ್ಯೂಟರಿನಲ್ಲಿ ಪಠ್ಯವನ್ನು ಉಳಿಸುವ ಯುಟಿಎಫ್-8 ರೂಪದಲ್ಲಿ 39 ಬೈಟ್‌ಗಳನ್ನೂ ತೆಗೆದುಕೊಳ್ಳುತ್ತದೆ. ಹೆಸರಿನ ಮೊದಲನೆಯದನ್ನು ಕೊಡು ಎಂದು ಕೇಳಿದಾಗ ನಮ್ಮ ಪ್ರೋಗ್ರಾಂ ಮೊದಲ ಕೋಡ್ ಪಾಯಿಂಟನ್ನು ಕೊಟ್ಟಿತ್ತು. ಇಂಗ್ಲಿಷಿನಲ್ಲಿ ಅಕ್ಷರವೂ ಕೋಡ್ ಪಾಯಿಂಟೂ ಒಂದೇ ಆಗಿರುವುದರಿಂದ ಇವೆರಡರ ನಡುವಣ ಅಂತರ ಇಷ್ಟು ಕಾಲ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

ದೂರುಗಳನ್ನು ಓದಿದ ಸಹೋದ್ಯೋಗಿಯೊಬ್ಬರು, ವ್ಯಂಜನ ಸರಿಯಾಗಿ ಬಂದಿರುವಾಗ ಇದನ್ನು ದೋಷವೆಂದು ಏಕೆ ಕರೆಯಬೇಕು ಎಂದು ಕೇಳಿದರು. ಅವರ ಮಾತೃಭಾಷೆ ಕನ್ನಡವಲ್ಲವಾದ್ದರಿಂದ ಪ್ರಶ್ನೆ ಸಹಜವೇ ಆಗಿತ್ತು. ನಾನು ಅವರಿಗೆ ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರ ಹೆಸರನ್ನು ಬರೆದು ತೋರಿಸಿದೆ. ಮೂರು ಪದಗಳ ಮೊದಲ ಅಕ್ಷರಗಳನ್ನು ಕನ್ನಡದ ಕ್ರಮದಲ್ಲಿ ಕೂಡಿಸಿದಾಗ ‘ಕುವೆಂಪು’ ಆಯಿತು. ನಮ್ಮ ತಂತ್ರಾಂಶ ಅದನ್ನೇ ಮಾಡಿದ್ದರೆ ‘ಕವಪ’ ಆಗುತ್ತಿತ್ತು. ದ.ರಾ. ಬೇಂದ್ರೆಯವರ ‘ರಾ’, ಪು.ತಿ.ನ. ಅವರ ‘ಪು’ ಮತ್ತು ‘ತಿ’, ಇವೆಲ್ಲವೂ ಸ್ವರವನ್ನು ಒಳಗೊಂಡ ಇಡೀ ಅಕ್ಷರಗಳು. ಮೊದಲ ಅಕ್ಷರ ಎಂದರೆ ಏನು ಎಂಬ ಪ್ರಶ್ನೆಗೆ ಕನ್ನಡಿಗರು ತಮ್ಮ ಲೇಖಕರ ಹೆಸರುಗಳಲ್ಲಿಯೇ ಉತ್ತರವನ್ನು ಬರೆದಿಟ್ಟಿದ್ದಾರೆ. ವಿನ್ಯಾಸಕಾರರು ಅದನ್ನು ಹೊಸದಾಗಿ ನಿರ್ಧರಿಸಬೇಕಾದ ಅಗತ್ಯವೇ ಇಲ್ಲ.

ಸಹೋದ್ಯೋಗಿ ಒಪ್ಪಿದರು, ಮತ್ತು ಸರಿಯಾದ ಉಪಾಯವನ್ನೇ ಸೂಚಿಸಿದರು. ಪಠ್ಯವನ್ನು ಓದುಗರ ಕಣ್ಣಿಗೆ ಕಾಣುವ ಘಟಕಗಳಾಗಿ ಬಿಡಿಸಲು ಯೂನಿಕೋಡ್ ಸಂಸ್ಥೆಯೇ ನಿಯಮಗಳನ್ನು ಪ್ರಕಟಿಸಿದೆ. ಈ ಘಟಕಕ್ಕೆ ಗ್ರಾಫೀಮ್ ಕ್ಲಸ್ಟರ್ ಎಂದು ಹೆಸರು. ಆ ನಿಯಮಗಳನ್ನು ಪಾಲಿಸುವ ಸಿದ್ಧ ಲೈಬ್ರರಿಯನ್ನು, ಅಂದರೆ ಬೇರೆಯವರು ಬರೆದಿಟ್ಟ ಪ್ರೋಗ್ರಾಂ ಸಂಗ್ರಹವನ್ನು, ಬಳಸಿದಾಗ ಕೃಷ್ಣನಿಗೆ ‘ಕೃ’, ಗೀತಾಳಿಗೆ ‘ಗೀ’ ದೊರೆತವು. ಕುವೆಂಪು ಕೂಡ ಸರಿಯಾಗಿ ಬಂದಿತು. ಆದರೆ ‘ಶ್ರೀ’ ಇದ್ದಲ್ಲಿ ಈಗ ‘ಶ್’ ಬಂದಿತು. ಮೊದಲು ಅಪೂರ್ಣವಾಗಿದ್ದದ್ದು ಈಗ ವಿಕಾರವಾಯಿತು. ಹಲಂತ ಹೊತ್ತ ಒಂಟಿ ವ್ಯಂಜನವನ್ನು ಯಾರೂ ತಮ್ಮ ಹೆಸರಿನ ಗುರುತಾಗಿ ಇಟ್ಟುಕೊಳ್ಳಲಾರರು. ಕುವೆಂಪು ಪರೀಕ್ಷೆಯಲ್ಲಿ ಗೆದ್ದ ಲೈಬ್ರರಿ ತೀ.ನಂ.ಶ್ರೀ. ಪರೀಕ್ಷೆಯಲ್ಲಿ ಸೋತಿತು: ಅದು ಕೊಟ್ಟದ್ದು ತೀ, ನಂ, ಶ್.

ಇಲ್ಲಿ ನನಗೆ ನಿಜವಾಗಿ ಬೇಸರವಾದ ಒಂದು ಸಂಗತಿಯಿದೆ. ಅದೇ ಲೈಬ್ರರಿಗೆ ಅದೇ ಹೆಸರನ್ನು ತೆಲುಗಿನಲ್ಲಿ ಕೊಟ್ಟಾಗ ‘ಶ್ರೀ’ ಇಡಿಯಾಗಿ ಬಂದಿತು. 2023ರಲ್ಲಿ ಪ್ರಕಟವಾದ ಯೂನಿಕೋಡ್ 15.1ನೆಯ ಆವೃತ್ತಿಯಲ್ಲಿ, ಹಲಂತದ ಮೂಲಕ ಕೂಡಿಕೊಂಡ ವ್ಯಂಜನಗಳನ್ನು ಬಿಡಿಸಬಾರದು ಎಂಬ ಹೊಸ ನಿಯಮವೊಂದು ಸೇರಿತು. ಅದು ಅನ್ವಯವಾದದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು ಮತ್ತು ಮಲಯಾಳಂ ಎಂಬ ಆರು ಲಿಪಿಗಳಿಗೆ. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ತಮಿಳು ಇಲ್ಲದಿರುವುದನ್ನು ಅರ್ಥಮಾಡಿಕೊಳ್ಳಬಹುದು, ಏಕೆಂದರೆ ಆ ಲಿಪಿಯಲ್ಲಿ ಒತ್ತಕ್ಷರಗಳು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಕನ್ನಡ ಮತ್ತು ತೆಲುಗು ಲಿಪಿಗಳು ಒಂದೇ ಬೇರಿನಿಂದ ಬಂದವು, ಒತ್ತನ್ನು ಕೆಳಗೆ ಕೂರಿಸುವ ಕ್ರಮ ಎರಡರಲ್ಲಿಯೂ ಒಂದೇ. ಹೈದರಾಬಾದಿನ ಶ್ರೀನಿವಾಸನಿಗೆ ಸಿಕ್ಕಿದ ಅಕ್ಷರ ಬಳ್ಳಾರಿಯ ಶ್ರೀನಿವಾಸನಿಗೆ ಸಿಗದೆ ಹೋಗುವುದಕ್ಕೆ ಲಿಪಿಯ ಸ್ವಭಾವದಲ್ಲಿ ಯಾವ ಆಧಾರವೂ ನನಗೆ ಕಾಣುವುದಿಲ್ಲ.

ಆದ್ದರಿಂದ ಕನ್ನಡಕ್ಕೆ ನಾವೇ ಒಂದು ಸಣ್ಣ ನಿಯಮವನ್ನು ಬರೆದೆವು. ಒಂದು ವ್ಯಂಜನ, ಅದರ ಮುಂದೆ ಹಲಂತ ಮತ್ತು ವ್ಯಂಜನದ ಜೋಡಿಗಳು ಎಷ್ಟಿದ್ದರೂ ಅಷ್ಟು, ಬಳಿಕ ಸ್ವರಚಿಹ್ನೆ ಇದ್ದರೆ ಅದು, ಕೊನೆಯಲ್ಲಿ ಅನುಸ್ವಾರ ಅಥವಾ ವಿಸರ್ಗ ಇದ್ದರೆ ಅದು. ಇಷ್ಟು ಸೇರಿ ಒಂದು ಅಕ್ಷರ. ಪದ ಸ್ವರದಿಂದ ಆರಂಭವಾದರೆ ಸ್ವರ ಮತ್ತು ಅನುಸ್ವಾರ ಮಾತ್ರ. ‘ಫ಼’, ‘ಜ಼’ಗಳಲ್ಲಿ ಬರುವ ನುಕ್ತೆ ಎಂಬ ಚುಕ್ಕೆ ಗುರುತಿಗೂ ಜಾಗ ಕೊಟ್ಟೆವು. ಅನುಸ್ವಾರವನ್ನು ವೃತ್ತದಲ್ಲಿ ಉಳಿಸಬೇಕೇ ಬಿಡಬೇಕೇ ಎಂದು ಸ್ವಲ್ಪ ಚರ್ಚೆ ನಡೆಯಿತು. ತೀ.ನಂ.ಶ್ರೀ. ಅವರ ‘ನಂ’ ಆ ಚರ್ಚೆಯನ್ನು ಮುಗಿಸಿತು.

ಅಕ್ಷರವೇ ಘಟಕ ಎಂದು ಇಷ್ಟು ಒತ್ತಿ ಹೇಳಿದ ಮೇಲೆ, ಎಲ್ಲ ಕಡೆಗೂ ಅದನ್ನೇ ಅನ್ವಯಿಸಬೇಕೆಂದು ನಾನು ವಾದಿಸುವೆನೆಂದು ಓದುಗರು ಭಾವಿಸಬಹುದು. ಬ್ಯಾಕ್‌ಸ್ಪೇಸ್ ಕೀಲಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಬಹುತೇಕ ತಂತ್ರಾಂಶಗಳಲ್ಲಿ ಕನ್ನಡ ಪಠ್ಯದ ಮೇಲೆ ಬ್ಯಾಕ್‌ಸ್ಪೇಸ್ ಒತ್ತಿದರೆ ಒಂದು ಕೋಡ್ ಪಾಯಿಂಟ್ ಮಾತ್ರ ಅಳಿಸುತ್ತದೆ. ‘ನ್ನು’ ಎಂಬಲ್ಲಿ ಮೊದಲು ಕೊಂಬು ಹೋಗುತ್ತದೆ, ನಂತರ ಕೆಳಗಿನ ನಕಾರ ಹೋಗಿ ‘ನ್’ ಉಳಿಯುತ್ತದೆ, ಆಮೇಲೆ ಹಲಂತ, ಕೊನೆಗೆ ನ. ನನ್ನ ತಂದೆಯವರು ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕನ್ನಡ ಕಲಿಸಿದವರು, ಈಗ ಫೋನಿನಲ್ಲಿ ದಿನವೂ ಬರೆಯುತ್ತಾರೆ. ಅವರನ್ನು ಕೇಳಿದಾಗ, ಕೊಂಬು ತಪ್ಪಿದ್ದರೆ ಕೊಂಬನ್ನಷ್ಟೇ ಅಳಿಸಬೇಕು, ಇಡೀ ಅಕ್ಷರವನ್ನು ಮತ್ತೆ ಏಕೆ ಬರೆಯಬೇಕು ಎಂದರು. ಆದರೆ ಒತ್ತನ್ನು ಅಳಿಸಿದಾಗ ತಾವು ಬರೆಯದೇ ಇದ್ದ ‘ನ್’ ಎಲ್ಲಿಂದ ಬಂತು ಎಂಬುದು ಅವರಿಗೆ ತಿಳಿಯಲಿಲ್ಲ.

ಅವರ ಉತ್ತರದಲ್ಲಿ ಒಂದು ಪೂರ್ಣ ವಿನ್ಯಾಸವೇ ಇದೆಯೆಂದು ನನಗೆ ಅನ್ನಿಸಿತು. ತಲೆಕಟ್ಟು, ಇಳಿ, ಗುಡಿಸು, ಕೊಂಬು, ವಟ್ರಸುಳಿ, ಏತ್ವ, ಒತ್ತು: ಕಾಗುಣಿತ ಕಲಿಯುವ ಮಗು ಅಕ್ಷರವನ್ನು ಈ ಬಿಡಿಭಾಗಗಳಿಂದಲೇ ಕಟ್ಟುತ್ತದೆ. ಓದುವಾಗ ನಮಗೆ ಅಕ್ಷರ ಇಡಿಯಾಗಿ ಕಾಣುತ್ತದೆ, ಬರೆಯುವಾಗ ಬಿಡಿಯಾಗಿ ಒದಗುತ್ತದೆ, ಮತ್ತು ಬ್ಯಾಕ್‌ಸ್ಪೇಸ್ ಬರವಣಿಗೆಯ ಕೀಲಿ. ಕೋಡ್ ಪಾಯಿಂಟ್‌ಗಳು ಈ ಬಿಡಿಭಾಗಗಳಿಗೆ ಬಹುಮಟ್ಟಿಗೆ ಹೊಂದುತ್ತವೆ. ಹೊಂದದಿರುವುದು ಮುಖ್ಯವಾಗಿ ಒತ್ತಿನಲ್ಲಿ, ಏಕೆಂದರೆ ಶಾಲೆಯಲ್ಲಿ ಒಂದೇ ಭಾಗವಾದ ಒತ್ತು ಇಲ್ಲಿ ಹಲಂತ ಮತ್ತು ವ್ಯಂಜನ ಎಂದು ಎರಡಾಗಿದೆ. ಅವೆರಡನ್ನೂ ಒಂದೇ ಸಲಕ್ಕೆ ಅಳಿಸುವ ಪಠ್ಯಪೆಟ್ಟಿಗೆಯೊಂದನ್ನು ಬರೆದು ಒಂದು ವಾರ ನಾನೇ ಬಳಸಿ ನೋಡಿದೆ. ನಾನು ಬಳಸುವುದು ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ಕಗಪ ಎಂದು ಪರಿಚಿತವಾದ ಕೀಲಿಮಣೆ. ಅದರಲ್ಲಿ ‘ಎಫ್’ ಕೀಲಿ ಒತ್ತನ್ನು ಜೋಡಿಸುವ ಕೀಲಿ, ಅದನ್ನು ಬೆರಳು ಪ್ರತ್ಯೇಕವಾಗಿ ಒತ್ತುತ್ತದೆ. ಹಾಗಾಗಿ ತಪ್ಪಾಗಿ ಬಿದ್ದ ವ್ಯಂಜನವನ್ನು ಅಳಿಸಿದಾಗ ಹಲಂತವೂ ಹೋದರೆ, ಬೆರಳಿಗೆ ತಾನು ಎಲ್ಲಿದ್ದೇನೆಂಬ ಲೆಕ್ಕ ತಪ್ಪುತ್ತದೆ. ತಂದೆಯವರಿಗೆ ಮಾತ್ರ ಅದು ತುಂಬಾ ಹಿಡಿಸಿತು. ಬೆರಳಚ್ಚಿನ ಕೀಲಿಮಣೆಯಲ್ಲಿ ಬ್ಯಾಕ್‌ಸ್ಪೇಸ್ ಕೊನೆಯ ಕೀಲಿಯೊತ್ತನ್ನು ಹಿಂದೆಗೆಯಬೇಕು, ಫೋನಿನ ಪರದೆಯಲ್ಲಿ ಕಾಗುಣಿತದ ಕೊನೆಯ ಭಾಗವನ್ನು ಅಳಿಸಬೇಕು ಎಂಬ ತೀರ್ಮಾನಕ್ಕೆ ನಾನು ಬಂದಿದ್ದೇನೆ. ಒಂದೇ ಕೀಲಿಗೆ ಎರಡು ನಡವಳಿಕೆ ಇರುವುದನ್ನು ವಿನ್ಯಾಸದ ಪುಸ್ತಕಗಳು ಒಪ್ಪಲಾರವು. ಆದರೂ ಬರೆಯುವವರ ಮನಸ್ಸಿನಲ್ಲಿ ಏನಿದೆಯೋ ಅದಕ್ಕೆ ಹೊಂದುವುದು ಮುಖ್ಯವೆಂದು ನನ್ನ ನಂಬಿಕೆ.

ಈ ಕೆಲಸದಲ್ಲಿ ಹೆಚ್ಚು ಸಮಯ ಹಿಡಿದದ್ದು ಎತ್ತರದ ಸಮಸ್ಯೆ. ಪರದೆಯ ಮೇಲೆ ಇಂಗ್ಲಿಷಿಗಾಗಿ ಅಳೆದ ಗುಂಡಿಗಳಲ್ಲಿ (ಬಟನ್‌ಗಳಲ್ಲಿ) ಸಾಲಿನ ಕೆಳಗೆ ‘ಜಿ’ ಅಥವಾ ‘ವೈ’ ಅಕ್ಷರದ ಬಾಲಕ್ಕೆ ಸಾಕಾಗುವಷ್ಟೇ ಜಾಗವಿರುತ್ತದೆ. ‘ರಾಷ್ಟ್ರ’ ಎಂಬ ಪದಕ್ಕೆ ಅಲ್ಲಿ ಎರಡು ಒತ್ತುಗಳು ಇಳಿಯಬೇಕು. ಜಾಗ ಸಾಲದಿದ್ದಾಗ ಗುಂಡಿಯ ಅಂಚು ಒತ್ತನ್ನು ಕತ್ತರಿಸಿಬಿಡುತ್ತದೆ. ಇಂಗ್ಲಿಷಿನಲ್ಲಿ ಬಾಲ ಕತ್ತರಿಸಿದರೂ ಪದವನ್ನು ಗುರುತಿಸಬಹುದು. ಕನ್ನಡದಲ್ಲಿ ಒತ್ತು ಹೋದರೆ ಹಳ್ಳಿ ಹಳಿಯಾಗುತ್ತದೆ, ಪುಟ್ಟ ಪುಟವಾಗುತ್ತದೆ, ಕತ್ತೆ ಕತೆಯಾಗುತ್ತದೆ. ಕಾರ್ಯಾಚರಣ ವ್ಯವಸ್ಥೆಗಳೂ ಈ ತೊಡಕಿಗೆ ಬಹುಕಾಲ ಅಡ್ಡದಾರಿ ಹಿಡಿದಿದ್ದವು. ಆಂಡ್ರಾಯ್ಡ್‌ನಲ್ಲಿ ಕನ್ನಡವೂ ಸೇರಿದಂತೆ ಎತ್ತರ ಹೆಚ್ಚು ಬೇಡುವ ಲಿಪಿಗಳಿಗೆ, ಇಂಗ್ಲಿಷ್ ವಿನ್ಯಾಸಗಳು ಕೆಡದಿರಲೆಂದು, ಲಂಬವಾಗಿ ಅದುಮಿದ ಫಾಂಟ್‌ಗಳನ್ನು ಪೂರ್ವನಿಯೋಜಿತವಾಗಿ ಬಳಸಲಾಗುತ್ತಿತ್ತು. ಪೂರ್ಣ ಎತ್ತರದ ಅಕ್ಷರ ಬೇಕೆಂದರೆ ಆ್ಯಪ್ ಬರೆಯುವವರು ಅದನ್ನು ಕೇಳಿ ಪಡೆಯಬೇಕಿತ್ತು. 2024ರ ಆಂಡ್ರಾಯ್ಡ್ 15ರಲ್ಲಿ ಇದು ತಿರುವುಮುರುವಾಯಿತು: ಆ ಆವೃತ್ತಿಯನ್ನು ಗುರಿಯಾಗಿಟ್ಟು ಸಿದ್ಧಪಡಿಸಿದ ಆ್ಯಪ್‌ಗಳಿಗೆ ಪೂರ್ಣ ಎತ್ತರದ ಅಕ್ಷರಗಳೇ ಈಗ ಪೂರ್ವನಿಯೋಜಿತ. ಲಿಪಿಯನ್ನು ಪೆಟ್ಟಿಗೆಗೆ ತಕ್ಕಂತೆ ಅದುಮುವುದನ್ನು ಬಿಟ್ಟು, ಪೆಟ್ಟಿಗೆಯನ್ನು ಲಿಪಿಗೆ ತಕ್ಕಂತೆ ಬೆಳೆಸುವ ಈ ಬದಲಾವಣೆ ಸಣ್ಣದಾಗಿ ಕಂಡರೂ ನನಗೆ ಬಹಳ ಸಂತೋಷ ತಂದಿತು. ನಮ್ಮ ಆ್ಯಪ್‌ನಲ್ಲಿಯೂ ಗುಂಡಿಗಳ ಸ್ಥಿರ ಎತ್ತರವನ್ನೆಲ್ಲ ತೆಗೆದು, ಒಳಗಿನ ಪದವೇ ಎತ್ತರವನ್ನು ನಿರ್ಧರಿಸುವಂತೆ ಮಾಡಿದ್ದೇವೆ.

ಇನ್ನೊಂದು ದೋಷ ಪರದೆಯ ಮೇಲೆ ಕಾಣುವಂಥದ್ದೇ ಅಲ್ಲದ್ದರಿಂದ ತಡವಾಗಿ ಸಿಕ್ಕಿತು. ‘ರಾಜ್‌ಕುಮಾರ್’ ಎಂಬ ಹೆಸರಿನಲ್ಲಿ ‘ಜ್’ ಮತ್ತು ‘ಕು’ ಬೇರೆಯಾಗಿ ನಿಲ್ಲಬೇಕಾದರೆ ಅವುಗಳ ನಡುವೆ ಅಗಲವಿಲ್ಲದ, ಜೋಡಣೆಯನ್ನು ತಡೆಯುವ ಒಂದು ಅದೃಶ್ಯ ಚಿಹ್ನೆ ಇರಬೇಕು. ಅದು ಇಲ್ಲದಿದ್ದರೆ ‘ರಾಜ್ಕುಮಾರ್’ ಎಂದು ಒತ್ತಾಗುತ್ತದೆ. ನಮಗೆ ಹೆಸರುಗಳನ್ನು ಒದಗಿಸಿದ ಒಂದು ಹಳೆಯ ದತ್ತಾಂಶ ವ್ಯವಸ್ಥೆ, ಸುರಕ್ಷತೆಯ ಹೆಸರಿನಲ್ಲಿ, ಅದೃಶ್ಯ ಚಿಹ್ನೆಗಳನ್ನೆಲ್ಲ ಕಸವೆಂದು ಗುಡಿಸಿ ಹಾಕುತ್ತಿತ್ತು. ಅದರಿಂದ ಬಂದ ಪಟ್ಟಿಯಲ್ಲಿ ಹುದ್ದೆಯ ಹೆಸರಿನ ‘ಸಾಫ್ಟ್‌ವೇರ್’ ಕೂಡ ‘ಸಾಫ್ಟ್ವೇರ್’ ಆಗಿ ಎರಡು ಅಂತಸ್ತು ಇಳಿದಿತ್ತು. ಹಾಗೆಂದು ಆ ಚಿಹ್ನೆಯನ್ನು ಎಲ್ಲೆಡೆ ಕಟ್ಟುನಿಟ್ಟಾಗಿ ಗೌರವಿಸುವುದೂ ತಪ್ಪಾಗುತ್ತದೆ, ಏಕೆಂದರೆ ಹುಡುಕುವವರು ಅದನ್ನು ಬೆರಳಚ್ಚಿಸಿರುತ್ತಾರೆಂದು ನಂಬುವಂತಿಲ್ಲ. ಉಳಿಸುವಾಗ ಅದನ್ನು ಹಾಗೆಯೇ ಉಳಿಸಿ, ಹೋಲಿಸುವಾಗ ಮಾತ್ರ ಕಡೆಗಣಿಸುವಂತೆ ನಾವು ಮಾಡಿದ್ದೇವೆ. ಕಳೆದುಹೋದ ಚಿಹ್ನೆಗಳನ್ನು ಯಂತ್ರದಿಂದ ಮರಳಿ ತರಲಾಗದ ಕಾರಣ, ಸುಮಾರು ಇನ್ನೂರು ಹೆಸರುಗಳನ್ನು ಒಬ್ಬೊಬ್ಬರನ್ನೇ ಕೇಳಿ ಕೈಯಾರೆ ತಿದ್ದಿದೆ.

ವೃತ್ತದ ಕೆಲಸದಲ್ಲಿ ಒಂದು ಹೊಂದಾಣಿಕೆ ಉಳಿದಿತ್ತು. ಒಂಟಿ ‘ಗ’ಕ್ಕೆ ಸರಿಹೋಗುವ ಅಕ್ಷರಗಾತ್ರದಲ್ಲಿ ‘ಶ್ರೀ’ ಇಟ್ಟರೆ ದೀರ್ಘದ ತುದಿ ವೃತ್ತದ ಗೆರೆಗೆ ತಾಗುತ್ತಿತ್ತು. ಈಗ ಅಕ್ಷರದ ಅಗಲ ಮತ್ತು ಎತ್ತರಗಳನ್ನು ಮೊದಲು ಅಳೆದು, ಅಗತ್ಯವಿದ್ದಷ್ಟು ಮಾತ್ರ ಗಾತ್ರವನ್ನು ಕುಗ್ಗಿಸಿ, ಒತ್ತನ್ನೂ ಲೆಕ್ಕಕ್ಕೆ ತೆಗೆದುಕೊಂಡು ನಡುವಿನಲ್ಲಿ ಕೂರಿಸುತ್ತೇವೆ. ನಿನ್ನೆ ಸಂಜೆ ಈ ಬದಲಾವಣೆ ಎಲ್ಲರ ಫೋನುಗಳಿಗೆ ತಲುಪಿತು. ಮೊದಲ ದಿನ ದೂರು ಬರೆದಿದ್ದ ಉಗ್ರಾಣ ವಿಭಾಗದ ಹಿರಿಯರೊಬ್ಬರು ಇಂದು ಬೆಳಿಗ್ಗೆ ತಮ್ಮ ವೃತ್ತದ ಚಿತ್ರವನ್ನು ಕಳುಹಿಸಿದ್ದಾರೆ. ಅದರಲ್ಲಿ ‘ಶ್ರೀ’ ಪೂರ್ತಿಯಾಗಿದೆ, ರಕಾರದ ಒತ್ತು ಎಲ್ಲಿಯೂ ತುಂಡಾಗಿಲ್ಲ.